ನಿದ್ದೆಗೆ ಸರ್ಪಗಂಧಿ ಕೇಳಿದ ಮಗನಿಗೆ

ತೀರ್ಥಹಳ್ಳಿ

ಪ್ರೀತಿಯ ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕ್ಷೇಮದ ವಿಚಾರಕ್ಕೇ ಈ ಕಾಗದ.

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಸರ್ಪಗಂಧಿ ಪುಡಿ ತಗೊಂಡ್ರೆ ನಿದ್ದೆ ಬರುತ್ತಂತೆ ದೊಡ್ಡಮ್ಮ, ತಗೊಳ್ಳಲಾ?" ಅಂತ. ಬೇಡ ಅಂದೆ. ನೀನು ಹೂಂ ಅಂದೆ. ಆದರೆ ಕಾರಣ ಹೇಳದ 'ಬೇಡ' ನಿನ್ನ ವಯಸ್ಸಿನವರ ಹತ್ತಿರ ಬಹಳ ದಿನ ನಿಲ್ಲುವುದಿಲ್ಲ ಅನ್ನುವುದು, ಫಾರ್ಮಸಿ ಕಾಲೇಜಿನಲ್ಲಿ ನಿನ್ನಂಥ ಮಕ್ಕಳಿಗೇ ಪಾಠ ಹೇಳಿಕೊಂಡು ಬಂದ ನನಗೆ ಚೆನ್ನಾಗಿ ಗೊತ್ತು. ರಾತ್ರಿ ಮೂರಾದರೂ ಕಣ್ಣಿಗೆ ಕಣ್ಣು ಹತ್ತದೆ ಹೊರಳಾಡುವಾಗ, ರೂಮಿನ ಗೆಳೆಯ ತಂದಿಟ್ಟ ಡಬ್ಬಿ ಕೈಗೆಟಕುವ ಹಾಗೆ ಇದ್ದರೆ, ದೊಡ್ಡಮ್ಮನ ಒಂದು ಮಾತು ಎಲ್ಲಿ ನೆನಪಾಗಬೇಕು? ಕಾರಣ ಮನಸ್ಸಿಗೆ ಹತ್ತಿದ್ದರೆ ನೆನಪಾಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಉದ್ದವಾಯಿತು ಅನ್ನಿಸಿದರೂ ಪೂರ್ತಿ ಓದು.

ನೀನು ಕೇಳಿಸಿಕೊಂಡದ್ದು ಸುಳ್ಳಲ್ಲ. ಸರ್ಪಗಂಧಿ ಮಂಪರು ತರಿಸುತ್ತದೆ, ರಕ್ತದೊತ್ತಡ ಇಳಿಸುತ್ತದೆ, ಕೆರಳಿದ ಮನಸ್ಸನ್ನು ತಗ್ಗಿಸುತ್ತದೆ. ನಮ್ಮ ದೇಶದ ಮೂಲಿಕೆಗಳಲ್ಲಿ ಮಿದುಳಿನ ಮೇಲೆ ಇಷ್ಟು ನೇರವಾಗಿ ಕೆಲಸ ಮಾಡುವ, ಅದು ಹೇಗೆಂದು ಪ್ರಯೋಗಶಾಲೆಯಲ್ಲೂ ತೋರಿಸಿಕೊಟ್ಟ ಬೇರುಗಳು ಕೆಲವೇ. ಬಿಹಾರದ ಕಡೆ ಇದನ್ನು 'ಪಾಗಲ್ ಕೀ ದವಾ' ಎಂದೇ ಕರೆಯುತ್ತಿದ್ದರು. ಅಲ್ಲಿ ಬಡತನದ ಮನೆಗಳಲ್ಲಿ ಹಸುಗೂಸುಗಳನ್ನು ಮಲಗಿಸಲಿಕ್ಕೂ ಈ ಬೇರನ್ನು ಕೊಡುತ್ತಿದ್ದರೆಂದು ಹಳೆಯ ಬರಹಗಳಲ್ಲಿದೆ. ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಈ ಬೇರಿನ ಸಾರ ಮೂಗು ಕಟ್ಟಿಸುತ್ತದೆ. ಎಳೆಗೂಸು ಉಸಿರಾಡುವುದೇ ಮೂಗಿನಿಂದ. ಈ ಔಷಧಿ ಸೇವಿಸಿದ ತಾಯಿಗೆ ಹುಟ್ಟಿದ ಮಗುವಿನಲ್ಲೂ ಮೂಗು ಕಟ್ಟಿ ಮೈ ನೀಲಿಗಟ್ಟಬಹುದು ಎಂಬ ಎಚ್ಚರಿಕೆ ವೈದ್ಯಕೀಯ ಪುಸ್ತಕಗಳಲ್ಲಿದೆ. ಮಗು ಅಳು ನಿಲ್ಲಿಸಿದರೆ ನಿದ್ದೆ ಬಂತು ಅಂದುಕೊಳ್ಳುವುದು ಸುಲಭ.

ಗಿಡ ನಮ್ಮ ಹಿತ್ತಿಲಲ್ಲೇ ಇದೆ, ಬಾಳೆಯ ನೆರಳಿಗೆ. ಮೊಣಕಾಲೆತ್ತರ, ಹೆಚ್ಚೆಂದರೆ ಸೊಂಟದ ತನಕ. ಒಂದೊಂದು ಗೆಣ್ಣಿನಲ್ಲೂ ಸುತ್ತಲೂ ಮೂರು ಮೂರು ಎಲೆ, ಮೇಲ್ಭಾಗ ಹೊಳೆಯುವ ಹಸಿರು. ಮಳೆಗಾಲದಲ್ಲಿ ತುದಿಗೆ ಗೊಂಚಲು ಹೂ ಬಿಡುತ್ತದೆ. ಹೂವು ಬಿಳಿ, ಅಂಚಿನಲ್ಲಿ ಸ್ವಲ್ಪ ಗುಲಾಬಿ, ತೊಟ್ಟು ಮಾತ್ರ ಕಡುಗೆಂಪು. ಕಾಯಿ ಹಣ್ಣಾಗುತ್ತಾ ನೇರಳೆಗಪ್ಪಾಗುತ್ತದೆ. ಮದ್ದಿನ ಗುಣವೆಲ್ಲ ಬೇರಿನಲ್ಲಿ, ಅದರಲ್ಲೂ ಬೇರಿನ ತೊಗಟೆಯಲ್ಲಿ. ಒಣಗಿದ ಬೇರನ್ನು ಮುರಿದರೆ ಪಟ್ಟನೆ ಮುರಿಯುತ್ತದೆ, ಒಳಗೆ ತಿಳಿಹಳದಿ, ವಾಸನೆ ಅಂತ ಹೇಳುವಂಥದ್ದೇನೂ ಇಲ್ಲ. ನಾಲಗೆಗೆ ಸೋಕಿದರೆ ಕಹಿ. ನಮ್ಮಲ್ಲಿ ಶಿವನಾಭಿ, ಸೂತ್ರನಾಭಿ ಅಂತಲೂ ಕರೆಯುತ್ತಾರೆ. ಹಳೆಯ ವೈದ್ಯಗ್ರಂಥಗಳಲ್ಲಿ ಇದರ ಹೆಸರು ಬರುವುದು ಹೆಚ್ಚಾಗಿ ವಿಷ ಇಳಿಸುವ ಸಂದರ್ಭದಲ್ಲಿ. ನಿದ್ದೆಗೆ, ಮನಸ್ಸಿನ ಉದ್ರೇಕಕ್ಕೆ ಕೊಡುವ ರೂಢಿ ಬೆಳೆದದ್ದು ಜನರ ನಡುವೆ.

ಈ ಬೇರು ಲೋಕಕ್ಕೆ ಗೊತ್ತಾದ ಕತೆಯನ್ನು ನೀನು ತಿಳಿದಿರಬೇಕು. 1931ರಲ್ಲಿ ಕಲ್ಕತ್ತೆಯ ಕವಿರಾಜ ಗಣನಾಥ ಸೇನ್ ಮತ್ತು ಡಾಕ್ಟರ್ ಕಾರ್ತಿಕಚಂದ್ರ ಬೋಸ್ ಇಬ್ಬರೂ ಸೇರಿ, ಉನ್ಮಾದಕ್ಕೂ ಏರಿದ ರಕ್ತದೊತ್ತಡಕ್ಕೂ ಈ ಬೇರಿನ ಪುಡಿ ಕೊಟ್ಟು ಕಂಡದ್ದನ್ನು ವೈದ್ಯಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಝ್ಝಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಈ ಬೇರಿನಿಂದ ಆಲ್ಕಲಾಯ್ಡುಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ಗೌರವಾರ್ಥ ಅಜ್ಮಲಿನ್ ಎಂದು ಹೆಸರಿಟ್ಟರು. ಮುಂಬಯಿಯ ಕೆಇಎಂ ಆಸ್ಪತ್ರೆಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ರಕ್ತದೊತ್ತಡದ ರೋಗಿಗಳ ಮೇಲಿನ ತಮ್ಮ ಪರೀಕ್ಷೆಯನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಹೊರದೇಶದವರು ಕಣ್ಣು ತೆರೆದದ್ದು ಆಮೇಲೆ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನ ಮುಖ್ಯ ಸತ್ವವನ್ನು ಬೇರ್ಪಡಿಸಿ ರೆಸರ್ಪಿನ್ ಎಂದರು. 1954ರಲ್ಲಿ ನ್ಯೂಯಾರ್ಕಿನ ರಾಕ್‌ಲ್ಯಾಂಡ್ ಮಾನಸಿಕ ಆಸ್ಪತ್ರೆಯ ನೇಥನ್ ಕ್ಲೈನ್, ವರ್ಷಗಟ್ಟಲೆ ಕೂಗಾಡುತ್ತಿದ್ದ ರೋಗಿಗಳು ಇದರಿಂದ ಶಾಂತರಾದರು ಎಂದು ಬರೆದರು. ಅಲ್ಲಿಯ ತನಕ ಅಂಥವರಿಗೆ ಹೆಚ್ಚಾಗಿ ಗತಿಯಿದ್ದದ್ದು ಕಟ್ಟಿಹಾಕುವುದು, ಕರೆಂಟಿನ ಶಾಕ್, ಮಿದುಳಿನ ಶಸ್ತ್ರಚಿಕಿತ್ಸೆ. 1957ರ ಲಾಸ್ಕರ್ ಪ್ರಶಸ್ತಿ ಪಡೆದವರಲ್ಲಿ ವಕೀಲ್ ಮತ್ತು ಕ್ಲೈನ್ ಇಬ್ಬರೂ ಇದ್ದರು.

ಕ್ಲಾಸಿನಲ್ಲಿ ಈ ಪಾಠ ಮಾಡುವಾಗ ನನಗೆ ಹೆಮ್ಮೆ ಉಕ್ಕಿ ಬರುತ್ತಿತ್ತು. ಇವತ್ತಿಗೂ ಬರುತ್ತದೆ. ಆದರೆ ಅದೇ ಹೆಮ್ಮೆ ನನಗೆ ಎಚ್ಚರಿಕೆಯನ್ನೂ ಕಲಿಸಿದೆ. ಹುಚ್ಚಾಸ್ಪತ್ರೆಯ ವಾರ್ಡುಗಳನ್ನೇ ತಣ್ಣಗಾಗಿಸಿದ ವಸ್ತುವನ್ನು, ಆಫೀಸಿನ ಕೆಲಸದಿಂದ ನಿದ್ದೆಗೆಟ್ಟ ಇಪ್ಪತ್ತಾರರ ಹುಡುಗ ಚಮಚದಲ್ಲಿ ಅಳೆದು ಹಾಲಿಗೆ ಹಾಕಿಕೊಳ್ಳುವುದನ್ನು ನಾನು ನೋಡಿಕೊಂಡು ಸುಮ್ಮನಿರಲಾರೆ.

ಇನ್ನು ಅದು ಒಳಗೆ ಮಾಡುವ ಕೆಲಸದ ವಿಚಾರ. ನರದ ತುದಿಯಲ್ಲಿ ಚಿಕ್ಕ ಚಿಕ್ಕ ಕಣಜಗಳಿವೆ ಅಂದುಕೊ. ನೋರ್‌ಅಡ್ರಿನಲಿನ್, ಡೋಪಮಿನ್, ಸೆರೊಟೊನಿನ್ ಎಂಬ ಸಂದೇಶವಾಹಕಗಳನ್ನು ನರ ಅಲ್ಲಿ ತುಂಬಿಟ್ಟುಕೊಳ್ಳುತ್ತದೆ. ಬೇಕಾದಾಗ ಅಲ್ಲಿಂದ ತೆಗೆದು ಬಿಡುತ್ತದೆ. ಮನಸ್ಸಿನ ಲವಲವಿಕೆ, ಕೈಕಾಲಿನ ಚಲನೆ, ಎದೆಬಡಿತ, ರಕ್ತನಾಳದ ಬಿಗಿ ಎಲ್ಲವೂ ಈ ದಾಸ್ತಾನನ್ನು ನಂಬಿಕೊಂಡಿವೆ. ರೆಸರ್ಪಿನ್ ಆ ಕಣಜಕ್ಕೆ ತುಂಬುವ ಬಾಯನ್ನೇ ಮುಚ್ಚಿಬಿಡುತ್ತದೆ. ಒಳಗಿದ್ದದ್ದು ಸೋರಿಹೋಗುತ್ತದೆ, ಹೊಸದು ಒಳಗೆ ಹೋಗುವುದಿಲ್ಲ. ಮುಚ್ಚಿದ ಬಾಯಿ ಮತ್ತೆ ತೆರೆಯುವುದೂ ಇಲ್ಲ. ನರಕೋಶವು ಹೊಸ ಕಣಜಗಳನ್ನೇ ಕಟ್ಟಿ ತುದಿಯ ತನಕ ಸಾಗಿಸಬೇಕು. ಹಾಗಾಗಿ ಇದರ ಪೂರ್ತಿ ಗುಣ ಕಾಣಲಿಕ್ಕೂ ದಿನಗಳು, ವಾರಗಳೇ ಬೇಕು. ಬಿಟ್ಟ ಮೇಲೆ ಇಳಿಯಲಿಕ್ಕೂ ವಾರಗಳು ಬೇಕು.

ಇಲ್ಲೇ ನಿನ್ನಂಥವರಿಗೆ ಅಪಾಯ ಕಾದಿರುವುದು. ಇವತ್ತು ರಾತ್ರಿ ಒಂದು ಚಮಚ ತಗೊಂಡೆ, ಅಷ್ಟೇನೂ ಆಗಲಿಲ್ಲ. ನಾಳೆ ಎರಡು. ನಾಡಿದ್ದು ಇನ್ನಷ್ಟು. ಮೊದಲ ದಿನದ್ದು ಇಳಿಯುವ ಮೊದಲೇ ನಾಲ್ಕನೆಯ ದಿನದ್ದು ಅದರ ಮೇಲೆ ಕೂತಿರುತ್ತದೆ. ವಾರ ಕಳೆದ ಮೇಲೆ ತಲೆ ಭಾರ, ಎದ್ದು ನಿಂತರೆ ಕಣ್ಣು ಕತ್ತಲೆ, ನಾಡಿ ನಿಧಾನ, ಮೂಗು ಕಟ್ಟಿ, ಹೊಟ್ಟೆ ಕೆಟ್ಟು ಕೂತಿರುತ್ತೀಯ. ಆಗ ಡಬ್ಬಿಯನ್ನು ಮೋರಿಗೆ ಎಸೆದರೂ ಮರುದಿನ ಬೆಳಿಗ್ಗೆಯೇ ಸರಿಹೋಗುವುದಿಲ್ಲ. ಅದೇ ಮಂಪರಿನಲ್ಲಿ ನೀನು ಹೊರ ವರ್ತುಲ ರಸ್ತೆಯಲ್ಲಿ ಬೈಕ್ ಓಡಿಸಿಕೊಂಡು ಹೋಗಬೇಕು. ಅದನ್ನು ನೆನೆದರೆ ನನಗೇ ನಿದ್ದೆ ಬರುವುದಿಲ್ಲ.

ಕಣಜ ಬರಿದಾದ ಮೇಲೆ ಏನಾಗುತ್ತದೆಂದು ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಲ್ಲಿ ತೋರಿಸಿದರು. ರೆಸರ್ಪಿನ್ ಕೊಟ್ಟ ಮೊಲಗಳು ಕಿವಿ ಜೋಲುಬಿಟ್ಟು ಕೂತಲ್ಲೇ ಕೂತವು. ಡೋಪಮಿನ್ ಆಗಿ ಬದಲಾಗುವ ಎಲ್‌-ಡೋಪಾ ಚುಚ್ಚಿದಾಗ ಎದ್ದು ಓಡಾಡತೊಡಗಿದವು. ಪಾರ್ಕಿನ್ಸನ್ ಕಾಯಿಲೆಯವರಿಗೆ ಇವತ್ತಿಗೂ ಆಧಾರವಾಗಿರುವ ಮಾತ್ರೆಯ ಬೇರು ಆ ಪ್ರಯೋಗದಲ್ಲಿದೆ. 2000ನೇ ಇಸವಿಯ ನೊಬೆಲ್ ಪಡೆದವರಲ್ಲಿ ಕಾರ್ಲ್‌ಸನ್ ಒಬ್ಬರು. ಆ ಮೊಲಗಳನ್ನು ದೂರದಿಂದ ನೋಡಿದವರಿಗೆ ನಿದ್ದೆಯಲ್ಲಿವೆ ಅನ್ನಿಸುತ್ತಿತ್ತೇನೋ. ಅವಕ್ಕಿದ್ದದ್ದು ನಿದ್ದೆಯಲ್ಲ, ಅಲುಗಾಡುವ ಶಕ್ತಿಯನ್ನೇ ಕಳೆದುಕೊಂಡಿದ್ದವು.

ಈ ವ್ಯತ್ಯಾಸವನ್ನು ನೀನು ಹಿಡಿದುಕೊಳ್ಳಬೇಕು ಮಗಾ. ನಿಜವಾದ ನಿದ್ದೆಯಲ್ಲಿ ಮಿದುಳು ಕೆಲಸ ಬಿಟ್ಟು ಬಿದ್ದಿರುವುದಿಲ್ಲ. ಸುಮಾರು ಒಂದೂವರೆ ಗಂಟೆಗೊಂದು ಸುತ್ತಿನ ಹಾಗೆ ಗಾಢನಿದ್ದೆಗೆ ಇಳಿದು, ಕನಸಿನ ಹಂತಕ್ಕೆ ಏರಿ, ಮತ್ತೆ ಇಳಿಯುತ್ತದೆ. ಹಿಂದಿನ ದಿನ ಕಲಿತದ್ದನ್ನು ನೆಲೆಗೊಳಿಸುವುದು, ಮನಸ್ಸಿನ ಗಾಯಗಳಿಗೆ ಸ್ವಲ್ಪ ಸಮಾಧಾನ ತರುವುದು ಎಲ್ಲ ಆ ಏರಿಳಿತದಲ್ಲೇ. ಸರ್ಪಗಂಧಿಯ ಮಂಪರು ಬೇರೆ ತರಹದ್ದು. ರೆಸರ್ಪಿನ್ ತಗೊಂಡವರು ಸದಾ ತೂಕಡಿಸುವ ಹಾಗೆ ಕಂಡರೂ ಹೆಸರು ಹಿಡಿದು ಕರೆದರೆ ಕಣ್ಣು ಬಿಡುತ್ತಾರೆ. ಯಾವುದರಲ್ಲೂ ಆಸಕ್ತಿಯಿಲ್ಲದೆ ಮತ್ತೆ ಮುಚ್ಚುತ್ತಾರೆ. ಆಗಿನ ವೈದ್ಯರು ಇದನ್ನು ದೊಡ್ಡ ಅನುಕೂಲವೆಂದೇ ಎಣಿಸಿದರು, ಬಾರ್ಬಿಟ್ಯುರೇಟ್ ಮಾತ್ರೆಗಳ ಹಾಗೆ ಪ್ರಜ್ಞೆ ತಪ್ಪಿಸುವುದಿಲ್ಲವಲ್ಲ ಎಂದು. ಕೆರಳಿದ ರೋಗಿಗೆ ಅದು ಅನುಕೂಲವೇ. ಬೆಳಿಗ್ಗೆ ಹುರುಪಿನಿಂದ ಏಳಬೇಕೆಂದು ಆಸೆಪಡುವ ನಿನಗೆ ಅಲ್ಲ.

ಇನ್ನೊಂದು ಸಂಗತಿ. ನಿದ್ದೆಮಾತ್ರೆಗಳಲ್ಲಿ ಹಲವು ಕನಸಿನ ಹಂತವನ್ನು ಕಡಿಮೆ ಮಾಡುತ್ತವೆ. ರೆಸರ್ಪಿನ್ ಮನುಷ್ಯರಲ್ಲಿ ಅದನ್ನು ಹೆಚ್ಚಿಸಿದ್ದು ಕಂಡುಬಂದಿದೆ. ಜೊತೆಗೆ ದುಃಸ್ವಪ್ನಗಳೂ ಬರುತ್ತವೆ. ಈ ಔಷಧಿಯ ಸೂಚನಾಪತ್ರದಲ್ಲಿ ವೈದ್ಯರಿಗೆ ಬರೆದಿರುವ ಒಂದು ಎಚ್ಚರಿಕೆಯನ್ನು ನಾನು ಪ್ರತಿ ಬ್ಯಾಚಿನ ಮಕ್ಕಳಿಗೂ ಓದಿ ಹೇಳುತ್ತಿದ್ದೆ: ರೋಗಿ ಮಂಕಾದರೆ, ಬೆಳಗಿನ ಜಾವವೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿದ್ದರೆ, ಹಸಿವು ಸತ್ತರೆ, ತನ್ನನ್ನು ತಾನೇ ಹಳಿದುಕೊಳ್ಳತೊಡಗಿದರೆ, ಆ ಕ್ಷಣವೇ ಔಷಧಿ ನಿಲ್ಲಿಸಿ ಎಂದು. ನಿದ್ದೆಗೆಂದು ತಗೊಂಡದ್ದೇ ಬೆಳಗಿನ ನಿದ್ದೆಯನ್ನು ಕಿತ್ತುಕೊಳ್ಳುವ ಸಾಧ್ಯತೆ ಇದೆ. ಆಗ ನೀನು ಏನು ಮಾಡುತ್ತೀಯ? ಪುಡಿ ಸಾಲದು ಅಂದುಕೊಂಡು ಇನ್ನೊಂದು ಚಮಚ ಹಾಕಿಕೊಳ್ಳುತ್ತೀಯ.

ಈಗ ಹೇಳುವ ಮಾತಿಗಾಗಿಯೇ ಈ ಕಾಗದ ಬರೆಯುತ್ತಿರುವುದು ಅಂದರೂ ಸರಿ. ಇಂಜಿನಿಯರಿಂಗ್ ಕೊನೆಯ ವರ್ಷ ನೀನು ಅನುಭವಿಸಿದ್ದು ನನಗೆ ಗೊತ್ತು. ತಿಂಗಳುಗಟ್ಟಲೆ ಯಾರ ಹತ್ತಿರವೂ ಮಾತಿಲ್ಲ, ಊಟವಿಲ್ಲ, ಕೋಣೆಯ ಕಿಟಕಿ ತೆಗೆದವನಲ್ಲ. ಡಾಕ್ಟರ ಹತ್ತಿರ ಹೋಗಿ, ಮಾತ್ರೆ ತಗೊಂಡು, ನೀನೇ ಧೈರ್ಯ ಮಾಡಿ ಎದ್ದು ಬಂದೆ. ಅದಕ್ಕೆ ನನಗೆ ನಿನ್ನ ಮೇಲೆ ಎಷ್ಟು ಗೌರವವಿದೆಯೆಂದು ಎದುರಿಗೆ ಹೇಳಿಲ್ಲ, ಇಲ್ಲಿ ಹೇಳುತ್ತೇನೆ. ಆದರೆ ಖಿನ್ನತೆ ಒಮ್ಮೆ ಬಂದುಹೋದವರಿಗೆ ಸರ್ಪಗಂಧಿ ಸಲ್ಲದು. 1950ರ ದಶಕದಲ್ಲಿ ರಕ್ತದೊತ್ತಡಕ್ಕೆ ಇದನ್ನು ತಗೊಂಡ ಕೆಲವರು ಆಳವಾದ ಖಿನ್ನತೆಗೆ ಜಾರಿದರು, ಆತ್ಮಹತ್ಯೆಯ ಯೋಚನೆಗಳೂ ಬಂದವು ಎಂದು ವೈದ್ಯರು ವರದಿ ಮಾಡಿದರು. ಅದು ಎಷ್ಟು ಮಂದಿಗೆ, ನಿಜಕ್ಕೂ ಔಷಧಿಯಿಂದಲೇ ಬಂತೇ ಎಂಬ ಬಗ್ಗೆ ಮುಂದಿನ ಸಂಶೋಧಕರಲ್ಲಿ ಭಿನ್ನಾಭಿಪ್ರಾಯವಿದೆ. ಚರ್ಚೆ ವಿದ್ವಾಂಸರ ನಡುವೆ ನಡೆಯಲಿ. ಖಿನ್ನತೆಯ ಇತಿಹಾಸವಿದ್ದವರಿಗೆ ಕೊಡಬೇಡಿ ಎಂಬ ಸೂಚನೆ ಪುಸ್ತಕದಲ್ಲಿದೆ, ನನ್ನ ಮಗುವಿನ ವಿಷಯದಲ್ಲಿ ನನಗೆ ಅಷ್ಟೇ ಸಾಕು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳ ಜೊತೆ ಇದು ಸೇರಿದರೆ ರಕ್ತದೊತ್ತಡ ಅಪಾಯಕ್ಕೆ ಹೋಗಬಹುದು. ಮದ್ಯದ ಜೊತೆ ಸೇರಿದರೆ ಮಂಪರು ಮಿತಿಮೀರುತ್ತದೆ. ಹೊಟ್ಟೆಹುಣ್ಣು ಇದ್ದವರಿಗೂ ಇದು ಆಗದು.

"ಗಿಡಮೂಲಿಕೆ ತಾನೇ, ಗಸಗಸೆ ಪಾಯಸ ಕುಡಿದು ನಾವೆಲ್ಲ ಮಧ್ಯಾಹ್ನ ಮಲಗುವುದಿಲ್ಲವಾ" ಅಂದೆಯಲ್ಲ. ಹಬ್ಬದ ಊಟ ಮಾಡಿ, ಬೆಲ್ಲ ತೆಂಗಿನಕಾಯಿ ಹಾಕಿದ ಪಾಯಸ ಎರಡು ಲೋಟ ಕುಡಿದರೆ ಯಾರಿಗಾದರೂ ಕಣ್ಣು ಎಳೆಯುತ್ತದೆ. ಗಸಗಸೆ ಬೀಜದಲ್ಲಿ ಅಫೀಮಿನ ಅಂಶ ಇದ್ದರೂ ಅತ್ಯಲ್ಪ, ಅದೂ ಹೊರಗೆ ಅಂಟಿಕೊಂಡದ್ದು. ತೊಳೆದು, ಹುರಿದು, ಕುದಿಸುವಾಗ ಇನ್ನೂ ಕಡಿಮೆಯಾಗುತ್ತದೆ. ಅಡುಗೆಮನೆಯಲ್ಲಿ ತಲೆತಲಾಂತರದಿಂದ ಪಳಗಿದ ಪದಾರ್ಥವದು. ಸರ್ಪಗಂಧಿ ಬೇರಿನಲ್ಲಿ ಐವತ್ತಕ್ಕೂ ಹೆಚ್ಚು ಆಲ್ಕಲಾಯ್ಡುಗಳಿವೆ. ಅಜ್ಮಲಿನ್ ಹೆಸರು ಮೇಲೆ ಹೇಳಿದೆನಲ್ಲ, ಅದನ್ನು ಇವತ್ತು ಹೃದ್ರೋಗ ತಜ್ಞರು ಬ್ರುಗಾಡ ಸಿಂಡ್ರೋಮ್ ಎಂಬ, ಎದೆಬಡಿತದ ಲಯ ತಪ್ಪಿಸುವ ಕಾಯಿಲೆಯನ್ನು ಪತ್ತೆಹಚ್ಚಲು ಬಳಸುತ್ತಾರೆ. ಅದೂ ಆಸ್ಪತ್ರೆಯಲ್ಲಿ, ಇಸಿಜಿ ಹಚ್ಚಿಕೊಂಡು, ತುರ್ತು ಚಿಕಿತ್ಸೆಯ ಸಾಮಾನು ಪಕ್ಕದಲ್ಲಿಟ್ಟುಕೊಂಡು. ಅಂಥ ವಸ್ತು ಇರುವ ಬೇರು ಇದು.

ಪ್ರಮಾಣದ ಲೆಕ್ಕವನ್ನೂ ನೋಡು. ರಕ್ತದೊತ್ತಡಕ್ಕೆ ರೆಸರ್ಪಿನ್ ಮಾತ್ರೆ ಕೊಡುವುದು ದಿನಕ್ಕೆ 0.1ರಿಂದ 0.25 ಮಿಲಿಗ್ರಾಂ. ಒಳ್ಳೆಯ ಬೇರಿನಲ್ಲಿ ರೆಸರ್ಪಿನ್ ಗುಂಪಿನ ಆಲ್ಕಲಾಯ್ಡುಗಳು ನೂರಕ್ಕೆ ಸುಮಾರು 0.15 ಪಾಲು. ಅಂದರೆ ಒಂದು ಗ್ರಾಂ ಪುಡಿಯಲ್ಲಿ ಒಂದೂವರೆ ಮಿಲಿಗ್ರಾಂ. ಟೀ ಚಮಚ ತುಂಬಿದರೆ ಎರಡು ಮೂರು ಗ್ರಾಂ ಸುಲಭವಾಗಿ ಬರುತ್ತದೆ. ಪುಡಿಯಲ್ಲಿದ್ದದ್ದೆಲ್ಲ ಮೈಗೆ ಹತ್ತುವುದಿಲ್ಲ, ನಿಜ. ಆದರೂ ಡಾಕ್ಟರು ಎಣಿಸಿ ಕೊಡುವ ಪ್ರಮಾಣಕ್ಕೂ ಚಮಚದ ಅಳತೆಗೂ ಎಷ್ಟು ಅಂತರವಿದೆಯೆಂದು ನೀನೇ ಲೆಕ್ಕ ಹಾಕು. ಮೇಲಾಗಿ ಬೇರಿನ ಸತ್ವ ಮಣ್ಣಿನಿಂದ ಮಣ್ಣಿಗೆ, ಗಿಡದ ವಯಸ್ಸಿನಿಂದ ವಯಸ್ಸಿಗೆ ಬದಲಾಗುತ್ತದೆ. ಹೋದ ಡಬ್ಬಿಯ ಅಳತೆ ಈ ಡಬ್ಬಿಗೆ ನಡೆಯುವುದಿಲ್ಲ.

ಡಬ್ಬಿಯೊಳಗೆ ಇರುವುದು ಸರ್ಪಗಂಧಿಯೇ ಎಂಬ ಖಾತ್ರಿಯೂ ಇಲ್ಲ. ನಮ್ಮ ಕಡೆ ರಸ್ತೆ ಬದಿಯಲ್ಲಿ, ಪಾಳುಜಾಗದಲ್ಲಿ ಇದರದೇ ಜಾತಿಯ ಇನ್ನೊಂದು ಗಿಡ ಬೆಳೆಯುತ್ತದೆ. ಮೂಲ ಅಮೆರಿಕದ ಉಷ್ಣಪ್ರದೇಶದ್ದು. ಗೆಣ್ಣಿಗೆ ನಾಲ್ಕು ಎಲೆ, ನಾಲ್ಕೂ ಒಂದೇ ಅಳತೆಯವಲ್ಲ. ಹೂವು ಚಿಕ್ಕದು, ಹಣ್ಣು ಕೆಂಪಾಗಿ ಆಮೇಲೆ ಕಪ್ಪಾಗುತ್ತದೆ. ಗಿಡ ಕಣ್ಣೆದುರು ಇದ್ದರೆ ನಾನು ಕ್ಷಣದಲ್ಲಿ ಬೇರೆ ಮಾಡಿ ತೋರಿಸುತ್ತೇನೆ. ಪುಡಿ ಮಾಡಿದ ಮೇಲೆ ಸೂಕ್ಷ್ಮದರ್ಶಕ, ರಾಸಾಯನಿಕ ಪರೀಕ್ಷೆ ಇಲ್ಲದೆ ನನ್ನಿಂದಲೂ ಆಗದು. ಅಸಲಿ ಸರ್ಪಗಂಧಿ ಕಾಡಿನಲ್ಲಿ ಕಡಿಮೆಯಾಗಿರುವುದೇ ಈ ಕಲಬೆರಕೆಗೆ ದೊಡ್ಡ ಕಾರಣ. ಬೇರು ಬೇಕೆಂದರೆ ಗಿಡವನ್ನು ಬುಡಸಮೇತ ಕೀಳಬೇಕು, ಬೀಜ ಮೊಳೆಯುವುದು ಕಡಿಮೆ, ಬೇರು ಬಲಿಯಲು ವರ್ಷ ಒಂದೂವರೆಯಾದರೂ ಬೇಕು. ದಶಕಗಟ್ಟಲೆ ಕಿತ್ತು ಕಿತ್ತು, 1990ರಲ್ಲಿ ಇದನ್ನು ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿ ಅಂತರರಾಷ್ಟ್ರೀಯ ಮಾರಾಟಕ್ಕೆ ಕಡಿವಾಣ ಹಾಕಬೇಕಾಯಿತು. ನಿಜವಾಗಿ ಬೇಕಾದ ರೋಗಿಗೆ ಈ ಬೇರು ಉಳಿಯಬೇಕಲ್ಲ.

ಇಷ್ಟೆಲ್ಲ ಬರೆದದ್ದನ್ನು ಓದಿ ದೊಡ್ಡಮ್ಮ ಆಯುರ್ವೇದವನ್ನೇ ಬಿಟ್ಟುಕೊಟ್ಟಳು ಅಂದುಕೊಳ್ಳಬೇಡ. ಓದಿದ, ಅನುಭವಸ್ಥ ವೈದ್ಯರು ನಾಡಿ ನೋಡಿ, ರಕ್ತದೊತ್ತಡ ಅಳೆದು, ಹೊಟ್ಟೆಯ ಸ್ಥಿತಿ ವಿಚಾರಿಸಿ, ಹಿಂದೆ ಏನೇನು ಮಾತ್ರೆ ತಗೊಂಡಿದ್ದೆ ಎಂದು ಕೇಳಿ, ಅಳೆದು ಕೊಟ್ಟು, ವಾರಕ್ಕೊಮ್ಮೆ ಕರೆಸಿ ನೋಡುವುದಾದರೆ ಅದು ಚಿಕಿತ್ಸೆ. ಆನ್‌ಲೈನಿನಲ್ಲಿ ತರಿಸಿ, ಲೇಬಲ್ ಓದಿ, ತಾನೇ ಅಳೆದುಕೊಳ್ಳುವುದಕ್ಕೆ ಯಾವ ಶಾಸ್ತ್ರದ ಬೆಂಬಲವೂ ಇಲ್ಲ. ಚರಕಸಂಹಿತೆ ನಿದ್ದೆಯನ್ನು ಬದುಕಿನ ಮೂರು ಆಧಾರಸ್ತಂಭಗಳಲ್ಲಿ ಒಂದಾಗಿ ಎಣಿಸುತ್ತದೆ, ಆಹಾರದಷ್ಟೇ ಮುಖ್ಯವಾಗಿ. ನಿದ್ದೆ ಕೆಟ್ಟವನಿಗೆ ಅದು ಹೇಳುವ ಉಪಾಯಗಳು ಯಾವುವು ಗೊತ್ತೇ? ಮೈಗೆ ಎಣ್ಣೆ ತಿಕ್ಕುವುದು, ಸ್ನಾನ, ಹಾಲು, ತುಪ್ಪ, ಮೊಸರನ್ನ, ಇಂಪಾದ ಶಬ್ದ, ಮನಸ್ಸಿಗೆ ಹಿತವಾದದ್ದು. ದಿನದ ನಡವಳಿಕೆಯಿಂದ ನಿದ್ದೆಯನ್ನು ಕರೆಯುವ ದಾರಿ ಅದು. ನಿನ್ನ ಅಜ್ಜಿ ಶನಿವಾರ ನಿನ್ನ ನೆತ್ತಿಗೆ ಹರಳೆಣ್ಣೆ ಒತ್ತಿ ಬಿಸಿನೀರು ಹೊಯ್ಯುತ್ತಿದ್ದದ್ದು ಇದೇ ತಿಳಿವಳಿಕೆಯಿಂದ.

ಈಗ ನಿನ್ನ ದಿನಚರಿಗೆ ಬರೋಣ. ಅಮೆರಿಕದವರ ಜೊತೆ ಮೀಟಿಂಗ್ ಮುಗಿಯುವುದು ರಾತ್ರಿ ಒಂದಕ್ಕೆ. ಅದಕ್ಕೆಂದು ಸಂಜೆ ಏಳಕ್ಕೊಂದು, ಹತ್ತಕ್ಕೊಂದು ಕಾಫಿ. ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಹತ್ತರ ಕಾಫಿಯ ಅರ್ಧದಷ್ಟು ಮೂರು ಗಂಟೆಗೂ ನಿನ್ನ ರಕ್ತದಲ್ಲಿ ಓಡಾಡುತ್ತಿರುತ್ತದೆ. ಮೀಟಿಂಗ್ ಮುಗಿದೊಡನೆ ಅದೇ ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಫೋನ್ ತೆಗೆಯುತ್ತೀಯ. ಸೋಮವಾರ ಎಂಟಕ್ಕೆ ಏಳುತ್ತೀಯ, ಭಾನುವಾರ ಮಧ್ಯಾಹ್ನ ಒಂದಕ್ಕೆ. ನಿದ್ದೆ ಯಾವ ಹೊತ್ತಿಗೆ ಬರಬೇಕೆಂದು ಮೈಗೆ ಹೇಗೆ ತಿಳಿಯಬೇಕು?

ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಸಿಬಿಟಿ-ಐ ಎಂಬ ಚಿಕಿತ್ಸೆಯನ್ನೇ ಕೊಡಬೇಕೆಂದು 2016ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಶಿಫಾರಸು ಮಾಡಿತು. ನಿದ್ದೆಯ ಅಭ್ಯಾಸವನ್ನೂ ನಿದ್ದೆಯ ಬಗೆಗಿನ ಆತಂಕವನ್ನೂ ತಿದ್ದುವ ಪದ್ಧತಿ ಅದು, ಮದ್ದಿಲ್ಲದೆ. ತಿಳಿದವರ ಹತ್ತಿರ ಕಲಿಯುವುದು ಒಳ್ಳೆಯದು. ಆದರೆ ಅದರಲ್ಲಿ ಕೆಲವನ್ನು ನೀನು ಇವತ್ತೇ ಶುರುಮಾಡಬಹುದು. ಏಳುವ ಹೊತ್ತು ಒಂದೇ ಇರಲಿ; ನಿನ್ನ ಕೆಲಸಕ್ಕೆ ಒಂಬತ್ತಾದರೆ ಒಂಬತ್ತು, ಭಾನುವಾರವೂ ಒಂಬತ್ತೇ. ಎದ್ದ ಕೂಡಲೇ ಬಾಲ್ಕನಿಗೆ ಹೋಗಿ ಬಿಸಿಲು ಮುಖಕ್ಕೆ ಬೀಳುವ ಹಾಗೆ ಕಾಫಿ ಕುಡಿ, ದಿನದ ಎರಡನೆಯ ಕಾಫಿ ಮಧ್ಯಾಹ್ನದ ಊಟದೊಳಗೆ ಮುಗಿಯಲಿ. ಹಾಸಿಗೆ ಮಲಗಲಿಕ್ಕೆ ಮಾತ್ರ, ಮೀಟಿಂಗಿಗೆ ಮೇಜು ಕುರ್ಚಿ. ಕಣ್ಣು ಎಳೆಯುವ ತನಕ ಹಾಸಿಗೆಗೆ ಹೋಗಬೇಡ. ಹೋಗಿ ಇಪ್ಪತ್ತು ನಿಮಿಷದಷ್ಟು ಹೊರಳಾಡಿದೆ ಅನ್ನಿಸಿದರೆ ಎದ್ದು ಬಂದು ಮಂದ ಬೆಳಕಿನಲ್ಲಿ ಏನಾದರೂ ಓದು, ಮತ್ತೆ ತೂಕಡಿಕೆ ಬಂದಾಗ ಹೋಗು. ಗಡಿಯಾರ ನೋಡಬೇಡ. ಹಗಲು ಮಲಗಿದ್ದನ್ನು ರಾತ್ರಿಯಿಂದ ಕಳೆಯಬೇಕಾಗುತ್ತದೆಂದು ನೆನಪಿರಲಿ. ಮೊದಲ ವಾರ ಇನ್ನೂ ಸುಸ್ತಾಗುತ್ತದೆ, ಬಿಟ್ಟುಬಿಡಬೇಕು ಅನ್ನಿಸುತ್ತದೆ. ಬಿಡಬೇಡ. ಆ ಸುಸ್ತೇ ಮುಂದೆ ನಿನ್ನನ್ನು ಹೊತ್ತಿಗೆ ಸರಿಯಾಗಿ ಮಲಗಿಸುತ್ತದೆ.

ಇಷ್ಟು ಮಾಡಿಯೂ ಮೂರು ನಾಲ್ಕು ವಾರದಲ್ಲಿ ಸುಧಾರಿಸದಿದ್ದರೆ, ಅಥವಾ ನಿದ್ದೆಯ ಜೊತೆ ಮನಸ್ಸೂ ಹಿಂದಿನ ಹಾಗೆ ಮಂಕಾಗುತ್ತಿದೆ ಅನ್ನಿಸಿದರೆ, ತಡಮಾಡದೆ ನಿನ್ನನ್ನು ಆಗ ನೋಡಿದ ಡಾಕ್ಟರ ಹತ್ತಿರವೇ ಹೋಗು. ನೀನು ಇರುವ ಊರಿನಲ್ಲೇ ನಿಮ್ಹಾನ್ಸ್ ಆಸ್ಪತ್ರೆ ಇದೆ. ಹೊರಗೆ ಹೊರಡಲೂ ಮನಸ್ಸಿಲ್ಲದಿದ್ದರೆ ಟೆಲಿಮಾನಸ್‌ ಸಹಾಯವಾಣಿಯ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಗೊರಕೆ ಹೊಡೆಯುತ್ತೀಯಾ, ನಡುವೆ ಉಸಿರು ನಿಲ್ಲುತ್ತದಾ ಎಂದು ರೂಮಿನ ಗೆಳೆಯನನ್ನು ಒಮ್ಮೆ ಕೇಳಿ ನೋಡು. ಹೌದಾದರೆ ಅದಕ್ಕೆ ಬೇರೆಯೇ ಪರೀಕ್ಷೆ, ಬೇರೆಯೇ ಚಿಕಿತ್ಸೆ ಇದೆ. ಆ ಗೆಳೆಯನೂ ಪುಡಿ ತಗೊಳ್ಳುತ್ತಿದ್ದರೆ ಈ ಕಾಗದ ಅವನಿಗೂ ಓದಿ ಹೇಳು. ಒಮ್ಮೆ ರಕ್ತದೊತ್ತಡ ನೋಡಿಸಿಕೊಂಡು, ಯಾವಾಗಿನಿಂದ, ಎಷ್ಟು ತಗೊಂಡೆ ಅನ್ನುವುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಲಿ.

ನಿನ್ನ ನಿದ್ದೆಗೇಡಿಗೆ ಕಾರಣ ನಿನ್ನ ಮಿದುಳಿನಲ್ಲಿ ಏನೋ ಹೆಚ್ಚಾಗಿರುವುದಲ್ಲ ಸುಹಾಸ. ಕೆಲಸದ ಹೊತ್ತು ನಿನ್ನ ರಾತ್ರಿಯನ್ನು ನುಂಗುತ್ತಿದೆ. ಆ ರಾತ್ರಿಯನ್ನು ಮರಳಿ ಪಡೆಯಲು ಮ್ಯಾನೇಜರ ಹತ್ತಿರ ಮಾತಾಡಬೇಕಾದರೆ ಮಾತಾಡು. ವಾರದಲ್ಲಿ ಎರಡು ದಿನವಾದರೂ ಮೀಟಿಂಗ್ ಬೇಗ ಮುಗಿಸಿಕೊಡಿ ಎಂದು ಕೇಳುವುದರಲ್ಲಿ ಸಣ್ಣತನವೇನೂ ಇಲ್ಲ. ನೀನು ಚೆನ್ನಾಗಿ ಕೆಲಸ ಮಾಡುವ ಹುಡುಗ, ಕೇಳುವ ಹಕ್ಕು ನಿನಗಿದೆ. ಒಪ್ಪದಿದ್ದರೆ ಬೇರೆ ಕೆಲಸ ಹುಡುಕಿದರಾಯಿತು. ನಿನ್ನ ಆರೋಗ್ಯಕ್ಕಿಂತ ನಮಗೆ ಯಾವ ಸಂಬಳವೂ ದೊಡ್ಡದಲ್ಲ. ನಿಮ್ಮಮ್ಮನೂ ಇದನ್ನೇ ಹೇಳುತ್ತಾಳೆ, ನಿನ್ನೆದುರು ಹೇಳಲು ಹಿಂಜರಿಯುತ್ತಾಳೆ ಅಷ್ಟೆ.

ಏಳುವ ಹೊತ್ತು ಯಾವುದೆಂದು ತೀರ್ಮಾನಿಸಿ ಭಾನುವಾರ ಫೋನ್ ಮಾಡಿ ಹೇಳು. ಒಂದು ತಿಂಗಳು ಆ ಹೊತ್ತಿಗೆ ನಾನೇ ದಿನಾ ಫೋನ್ ಮಾಡಿ ಎಬ್ಬಿಸುತ್ತೇನೆ. ನಿದ್ದೆ ಬಂತೋ ಇಲ್ಲವೋ ಎಂದು ಕೇಳುವುದಿಲ್ಲ, ಎದ್ದೆಯಾ ಎಂದು ಮಾತ್ರ ಕೇಳುತ್ತೇನೆ. ನೀನು ಎದ್ದೆ ಅಂದರೆ ಸಾಕು.

ಊಟ ಸರಿಯಾಗಿ ಮಾಡು.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ